ನಿಘಂಟಿನಲ್ಲಿದೆ, ಸರಿ, ಯಾರಾದರೂ ಆಡಿದ್ದಾರೆಯೇ?

ದಿನಕ್ಕೊಂದು ಇಂಗ್ಲಿಷ್ ಪದ ಕಳಿಸುವ ಗೆಳೆಯರು ನಿಮ್ಮೆಲ್ಲರಿಗೂ ಇದ್ದೇ ಇರುತ್ತಾರೆ. ಬೆಳಿಗ್ಗೆ ವಾಟ್ಸಾಪ್ ತೆರೆದರೆ ಸೂರ್ಯೋದಯದ ಚಿತ್ರ, ಅದರ ಮೇಲೆ ಎಂದೂ ಕೇಳಿರದ ಒಂದು ಪದ, ಕೆಳಗೆ ಅರ್ಥ. ನಾನು ಇಂಗ್ಲಿಷ್ ಮೇಷ್ಟ್ರು ಅನ್ನುವ ಕಾರಣಕ್ಕೆ ನನಗೆ ಇವು ತುಸು ಹೆಚ್ಚೇ ಬರುತ್ತವೆ. ಜೊತೆಗೊಂದು ಪ್ರಶ್ನೆ: 'ಸಾರ್, ಈ ಪದ ನಿಜವಾಗಲೂ ಇದೆಯಾ?' ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಆ 'ಇದೆಯಾ' ಬಗ್ಗೆಯೇ. ಪದ ಇದೆ ಅಂದರೆ ಏನು? ನಿಘಂಟಿನಲ್ಲಿ ಅಚ್ಚಾಗಿದ್ದರೆ ಸಾಕೇ? ಅಚ್ಚಾಗಿದ್ದೂ ಯಾರ ಬಾಯಲ್ಲೂ ಬಾರದ ಪದಗಳನ್ನು ಏನೆನ್ನೋಣ? ಯಾರೂ ಹುಟ್ಟಿಸದೆ ತಾನೇ ಹುಟ್ಟಿದ ಪದವೂ ಇಂಗ್ಲಿಷಿನಲ್ಲಿ ಒಂದಿದೆ. ಅದರ ಕಥೆ ಆಮೇಲೆ.

ಮೊದಲು ಏಪ್ರಿಸಿಟಿ. ಡಿಸೆಂಬರ್ ಬಂತೆಂದರೆ ಈ ಪದ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಚಳಿಗಾಲದ ಬಿಸಿಲಿನ ಬಿಸುಪು ಎಂದು ಅರ್ಥ. ಜಗಲಿ ಮೇಲೆ ಕೂತು ಬೆನ್ನಿಗೆ ಬಿಸಿಲು ಕಾಯಿಸಿಕೊಂಡವರಿಗೆಲ್ಲ ಗೊತ್ತಿರುವ ಸುಖ. ಇಷ್ಟು ಚೆಂದದ ಪದವನ್ನು ಇಂಗ್ಲಿಷರು ಯಾಕೆ ಬಳಸುವುದಿಲ್ಲ? ಹುಡುಕಿಕೊಂಡು ಹೋದರೆ 1623ಕ್ಕೆ ತಲುಪುತ್ತೇವೆ. ಆ ವರ್ಷ ಲಂಡನ್ನಿನಲ್ಲಿ ಹೆನ್ರಿ ಕಾಕರಮ್ ಎಂಬಾತನ ನಿಘಂಟು ಅಚ್ಚಾಯಿತು. ಏಪ್ರಿಸಿಟಿಗೆ ಇರುವ ಮುಖ್ಯ ಸಾಕ್ಷಿಯೇ ಆ ನಿಘಂಟು. ಲ್ಯಾಟಿನ್ನಿನಲ್ಲಿ 'ಅಪ್ರಿಕಸ್' ಅಂದರೆ ಬಿಸಿಲಿಗೆ ಒಡ್ಡಿಕೊಂಡದ್ದು. ಅದಕ್ಕೆ ಇಂಗ್ಲಿಷ್ ಬಾಲ ಹಚ್ಚಿದರೆ ಏಪ್ರಿಸಿಟಿ. ಚಳಿ ಕಾಯಿಸುತ್ತ ಕೂತ ಯಾವ ಇಂಗ್ಲಿಷ್ ರೈತನೂ ಅದನ್ನು ಅಂದಿರಲಾರ.

ಕಾಕರಮ್‌ನ ಪುಸ್ತಕ ಎರಡು ಕಡೆಗೂ ಕೆಲಸ ಮಾಡುತ್ತಿತ್ತು. ಒಂದು ಭಾಗದಲ್ಲಿ ಕಷ್ಟದ ಪದ, ಅದಕ್ಕೆ ಸುಲಭದ ಅರ್ಥ. ಇದು ನಮಗೂ ಗೊತ್ತಿರುವ ಕ್ರಮ. ಇನ್ನೊಂದು ಭಾಗ ಮಜಾ: ಅಲ್ಲಿ ಸುಲಭದ ಪದ ಕೊಟ್ಟು ಅದಕ್ಕೆ ಬದಲಾಗಿ ಬಳಸಬಹುದಾದ ಭಾರಿ ಪದ ಕೊಡುತ್ತಾನೆ. ನೀವು ಆಡುವ ಮಾತು ಹಳ್ಳಿಯದಾಯಿತು, ನಾಲ್ಕು ಜನರ ಮುಂದೆ ತೂಕವಾಗಿ ಮಾತಾಡಬೇಕೆಂದರೆ ಇಲ್ಲಿ ಹುಡುಕಿಕೊಳ್ಳಿ ಅಂತ. 'ಬುಬುಲ್ಸಿಟೇಟ್' ಅನ್ನುವ ಕ್ರಿಯಾಪದ ಅದರಲ್ಲಿದೆ. ಅರ್ಥ ಏನು ಗೊತ್ತೇ? ದನ ಕಾಯುವ ಹುಡುಗನ ಹಾಗೆ ಕೂಗುವುದು! ದನ ಕಾಯುವ ಹುಡುಗನಿಗಂತೂ ಆ ಪದ ಬೇಕಿರಲಿಲ್ಲ.

ಅದಕ್ಕೂ ಸ್ವಲ್ಪ ಹಿಂದೆ, 1604ರಲ್ಲಿ, ರಾಬರ್ಟ್ ಕಾಡ್ರಿ ಎಂಬ ಶಾಲಾ ಮೇಷ್ಟ್ರು ಪ್ರಕಟಿಸಿದ ಸುಮಾರು 2,500 ಪದಗಳ ಪುಸ್ತಕವನ್ನೇ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಅನ್ನುತ್ತಾರೆ. ಅದರಲ್ಲಿ ನಾಯಿ, ನೀರು, ಮನೆ ಇಂಥ ಪದಗಳಿಗೆ ಜಾಗವಿಲ್ಲ. ಬರೀ ಕಷ್ಟದ ಪದಗಳು. ಹೆಂಗಸರಿಗೂ ಹೆಚ್ಚು ಓದದವರಿಗೂ ಅನುಕೂಲವಾಗಲಿ ಅಂತ ಮುಖಪುಟದಲ್ಲೇ ಹಾಕಿದ್ದಾನೆ. ಆ ಧೋರಣೆಯ ಬಗ್ಗೆ ಇವತ್ತು ಏನು ಹೇಳಿದರೂ ಕಡಿಮೆಯೇ. ನಾನು ಹೇಳಬೇಕಾದ್ದು ಇಷ್ಟು: ಅಪರೂಪದ ಪದ ಹಂಚುವ ಚಟ ಮೊಬೈಲಿನ ಜೊತೆ ಬಂದದ್ದಲ್ಲ. ಇಂಗ್ಲಿಷ್ ನಿಘಂಟು ಹುಟ್ಟಿದ್ದೇ ಆ ಚಟದಿಂದ.

ಇದರ ಹಿಂದೆ ಒಂದು ದೊಡ್ಡ ಜಗಳವೂ ಇದೆ. 16ನೇ ಶತಮಾನದಲ್ಲಿ ಇಂಗ್ಲಿಷ್ ಬರೆಯುವವರು ಲ್ಯಾಟಿನ್, ಗ್ರೀಕ್ ಪದಗಳನ್ನು ಮೂಟೆಗಟ್ಟಲೆ ತಂದು ಸುರಿದರು. ಬೇರೆಯವರು ಸಿಟ್ಟಾದರು. ಆಗ ಶಾಯಿಯನ್ನು ದನದ ಕೊಂಬಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಈ ಪದಗಳು ಬಾಯಿಂದ ಬಂದವಲ್ಲ, ಶಾಯಿ ಕೊಂಬಿನಿಂದ ಬಂದವು ಅಂತ ಗೇಲಿ ಮಾಡಿ ಇವಕ್ಕೆ 'ಇಂಕ್‌ಹಾರ್ನ್' ಪದಗಳು ಎಂದು ಹೆಸರಿಟ್ಟರು. 1553ರಲ್ಲಿ ಥಾಮಸ್ ವಿಲ್ಸನ್ ವಾಕ್ಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪತ್ರ ಕೊಡುತ್ತಾನೆ. ಚರ್ಚಿನ ಯಾವುದೋ ಹುದ್ದೆ ಖಾಲಿ ಇದೆ, ಅದನ್ನು ಕೊಡಿಸಿ ಅಂತ ಒಬ್ಬ ದೊಡ್ಡ ಮನುಷ್ಯರಿಗೆ ಬರೆದ ಅರ್ಜಿ. 'ತಮ್ಮ ಘನ ಸನ್ನಿಧಾನದಲ್ಲಿ ಅತ್ಯಂತ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಅಂತ ನಾವು ಬರೆಯುತ್ತಿದ್ದೆವಲ್ಲ, ಅದೇ ಧಾಟಿ. ಸಾಲಿಗೆ ನಾಲ್ಕು ಲ್ಯಾಟಿನ್ ಪದ. ಓದಿದವರು ನಗಬೇಕು ಅಂತಲೇ ಅದನ್ನು ಕೊಟ್ಟಿದ್ದಾನೆ.

ಈಗ ಆ ಪತ್ರದ ಪದಗಳನ್ನು ನೋಡಿ. ಇಂಜೆಂಟ್, ರೆವಲ್ಯೂಟ್, ಕೊಲಾಡ್, ಆಬ್ಟೆಸ್ಟೇಟ್. ಕೇಳಿದ್ದೀರಾ? ನಾನೂ ಆ ಪತ್ರದಾಚೆ ಕೇಳಿಲ್ಲ. ಆದರೆ ಅದೇ ಪತ್ರದಲ್ಲಿ, ಅಷ್ಟೇ ನಗೆಪಾಟಲಿಗೆ ಗುರಿಯಾದ ಬೇರೆ ಪದಗಳೂ ಇವೆ: ಕೆಪಾಸಿಟಿ, ಸೆಲೆಬ್ರೇಟ್, ಡೆಕ್ಸ್‌ಟೆರಿಟಿ, ಮಂಡೇನ್. ಕೆಪಾಸಿಟಿ ಇವತ್ತು ನಮ್ಮ ಸಂತೆಯ ಮಾತು. 'ಈ ಟ್ಯಾಂಕಿನ ಕೆಪಾಸಿಟಿ ಎಷ್ಟು?' ಅಂತ ಇಂಗ್ಲಿಷ್ ಒಂದಕ್ಷರ ಓದದವರೂ ಕೇಳುತ್ತಾರೆ. ಸೆಲೆಬ್ರೇಟ್ ಮಾಡದ ಹುಟ್ಟುಹಬ್ಬ ಉಂಟೇ? ಎರಡು ಗುಂಪಿನವೂ ಒಂದೇ ಪತ್ರದಲ್ಲಿ, ಒಂದೇ ನಗುವಿನ ನಡುವೆ ನಿಂತಿದ್ದವು. ಯಾವುದು ಉಳಿಯುತ್ತದೆ, ಯಾವುದು ಸಾಯುತ್ತದೆ ಅಂತ ಅವತ್ತು ಯಾರೂ ಹೇಳುವಂತಿರಲಿಲ್ಲ. ವಿಲ್ಸನ್ ಜಾಣ, ಅವನಿಗೂ ಗೊತ್ತಾಗಲಿಲ್ಲ.

ಇದೇ ಕಾಲದಲ್ಲಿ ಕೇಂಬ್ರಿಡ್ಜ್‌ನಲ್ಲಿ ಗ್ರೀಕ್ ಕಲಿಸುತ್ತಿದ್ದ ಜಾನ್ ಚೀಕ್ ಮತ್ತೊಂದು ತುದಿಗೆ ಹೋದ. ಗ್ರೀಕ್ ಪಂಡಿತ, ಆದರೆ ಇಂಗ್ಲಿಷಿನಲ್ಲಿ ಗ್ರೀಕ್ ಬೇಡ ಅನ್ನುವವನು. ಬೈಬಲಿನ ಮತ್ತಾಯನ ಸುವಾರ್ತೆಯನ್ನು ಅಚ್ಚ ಇಂಗ್ಲಿಷಿಗೆ ತರಲು ಹೊರಟ. ನೂರು ಸೈನಿಕರ ನಾಯಕ ಸೆಂಚೂರಿಯನ್ ಅವನಲ್ಲಿ 'ಹಂಡ್ರೆಡರ್' ಆದ, ಅಂದರೆ ನೂರಾಳ. ಹುಚ್ಚ ಅನ್ನುವ ಅರ್ಥದ ಲೂನಾಟಿಕ್ ಇರುವ ಕಡೆ 'ಮೂನ್ಡ್', ಚಂದ್ರ ಹಿಡಿದವನು. ಶಿಲುಬೆಗೇರಿಸಿದ ಅನ್ನುವ ಅರ್ಥದ ಕ್ರೂಸಿಫೈಡ್ ಇರುವ ಕಡೆ 'ಕ್ರಾಸ್ಡ್'. ಇವುಗಳಲ್ಲಿ ಒಂದೂ ಅವನು ಅಂದುಕೊಂಡ ಅರ್ಥದಲ್ಲಿ ನಿಲ್ಲಲಿಲ್ಲ. ನಮ್ಮ ಭಾಷೆ ಬೆರಕೆಯಿಲ್ಲದೆ ಶುದ್ಧವಾಗಿರಬೇಕು ಅಂತ ಅವನು 1557ರಲ್ಲಿ ಗೆಳೆಯನೊಬ್ಬನಿಗೆ ಬರೆದ ಮಾತಿನಲ್ಲೇ 'ಪ್ಯೂರ್' ಬರುತ್ತದೆ. ಅದು ಫ್ರೆಂಚಿನಿಂದ ಬಂದದ್ದು.

ಕನ್ನಡದವರಿಗೆ ಇಲ್ಲಿ ಆಂಡಯ್ಯ ನೆನಪಾಗದಿದ್ದರೆ ಹೇಗೆ? ಚೀಕ್‌ಗೆ ಮುನ್ನೂರು ವರ್ಷ ಮೊದಲೇ, 13ನೇ ಶತಮಾನದಲ್ಲಿ, ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಬರೆಯುತ್ತೇನೆಂದು ಹಟ ತೊಟ್ಟು 'ಕಬ್ಬಿಗರ ಕಾವ' ಬರೆದವನು. ಆದರೆ ಆಂಡಯ್ಯ ಚೀಕ್‌ಗಿಂತ ಲೌಕಿಕ ತಿಳಿದವನು ಅಂತ ನನಗೆ ಅನಿಸುತ್ತದೆ. ತದ್ಭವಗಳಿಗೆ ಬಾಗಿಲು ಹಾಕಲಿಲ್ಲ. ಕೃತಿಯ ಹೆಸರಿನಲ್ಲೇ ಇರುವ 'ಕಬ್ಬ' ಸಂಸ್ಕೃತದ 'ಕಾವ್ಯ'ವೇ. ಕನ್ನಡದ ನಾಲಿಗೆಯ ಮೇಲೆ ಓಡಾಡಿ ಸವೆದು ನಮ್ಮದಾಗಿತ್ತು. ಪದದ ಊರು ಯಾವುದು ಅಂತ ಅವನು ಕೇಳಲಿಲ್ಲ, ಜನ ಆಡುತ್ತಾರೋ ಇಲ್ಲವೋ ಅಂತ ಕೇಳಿದ. ನನ್ನ ಇವತ್ತಿನ ಮಾತಿಗೆಲ್ಲ ಆ ಪ್ರಶ್ನೆಯೇ ಅಳತೆಗೋಲು.

ಉದ್ದದ ಪದಗಳ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅವುಗಳಲ್ಲಿ ಉದ್ದ ಬಿಟ್ಟರೆ ಹೆಚ್ಚೇನಿಲ್ಲ. ಹೈಸ್ಕೂಲಿನಲ್ಲಿ ಉಸಿರು ಹಿಡಿದು ಬಾಯಿಪಾಠ ಮಾಡುತ್ತಿದ್ದ, 'ನ್ಯೂಮೋನೋಅಲ್ಟ್ರಾ' ಅಂತ ಶುರುವಾಗಿ 'ಕೋನಿಯೋಸಿಸ್' ಅಂತ ಮುಗಿಯುವ 45 ಅಕ್ಷರದ ಆ ಕಾಯಿಲೆಯ ಹೆಸರಿದೆಯಲ್ಲ, ಅದನ್ನು ಕಟ್ಟಿದ್ದು ಡಾಕ್ಟರ್ ಅಲ್ಲ. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್, ಉದ್ದದ ಪದ ಬೇಕು ಅಂತಲೇ ಕಟ್ಟಿದ. ಪತ್ರಿಕೆಯಲ್ಲಿ ಬಂತು, ನಾಲ್ಕು ವರ್ಷದಲ್ಲಿ ನಿಘಂಟಿಗೂ ಹೋಯಿತು. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕೆಟ್ಟ ಕೂಲಿಯವನಿಗೆ ಡಾಕ್ಟರು ಹೇಳುವುದು ಸಿಲಿಕೋಸಿಸ್ ಅಂತಲೇ. ಇನ್ನು 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್'. 29 ಅಕ್ಷರ. ಯಾವುದನ್ನಾದರೂ ಕವಡೆ ಕಿಮ್ಮತ್ತಿನದು ಅಂತ ತಳ್ಳಿಹಾಕುವುದು. ಲ್ಯಾಟಿನ್ ವ್ಯಾಕರಣದ ಪುಸ್ತಕದಲ್ಲಿ 'ಬೆಲೆಯಿಲ್ಲದ್ದು' ಅನ್ನಲು ಕೊಟ್ಟಿದ್ದ ನಾಲ್ಕು ಪದಗಳನ್ನು ಒಟ್ಟಿಗೆ ಪೋಣಿಸಿ ಮಾಡಿದ್ದು. ಕವಿ ವಿಲಿಯಂ ಶೆನ್‌ಸ್ಟೋನ್ 1741ರ ಪತ್ರವೊಂದರಲ್ಲಿ, ಒಬ್ಬರು ಹಣವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಗುಣವನ್ನು ಮೆಚ್ಚಿ ಇದನ್ನು ಬಳಸಿದ್ದಾನೆ. ಹುಡುಗರಾಗಿದ್ದಾಗ ಬಾಯಿಪಾಠದ ಕಾಟ ಅನುಭವಿಸಿದವರ ತಮಾಷೆ. ತಮಾಷೆಯಾಗಿ ಚೆನ್ನಾಗಿದೆ.

ಕಥೆ ಇರುವ ಪದಗಳು ಬೇರೆ ಜಾತಿಯವು. 1618ರ ಮೇ 23ರಂದು ಪ್ರಾಗ್ ನಗರದ ಅರಮನೆಗೆ ನುಗ್ಗಿದ ಪ್ರಾಟೆಸ್ಟಂಟ್ ಮುಖಂಡರು, ಚಕ್ರವರ್ತಿಯ ಕಡೆಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಎತ್ತಿ ಕಿಟಕಿಯಿಂದ ಹೊರಕ್ಕೆ ಎಸೆದರು. ಸುಮಾರು 20 ಮೀಟರ್ ಎತ್ತರ. ಮೂವರೂ ಬದುಕಿದರು. ಕ್ಯಾಥೊಲಿಕರು ಮಾತೆ ಮೇರಿ ಕೈಯೊಡ್ಡಿದಳು ಅಂದರು. ಎದುರು ಪಕ್ಷದವರು ಕೆಳಗೆ ತಿಪ್ಪೆ ಇತ್ತು ಅಂದರು. ಆ ಕಾರ್ಯದರ್ಶಿಗೆ ಚಕ್ರವರ್ತಿ ಆಮೇಲೆ ಬಿರುದು ಕೊಟ್ಟ. ಬಿರುದಿನ ಜೊತೆಗೆ ಸೇರಿದ ಹೆಸರು 'ಎತ್ತರದಿಂದ ಬಿದ್ದವ' ಅನ್ನುವ ಅರ್ಥದ್ದು! ಈ ಘಟನೆಯಿಂದ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಕಿಟಕಿಗೆ ಲ್ಯಾಟಿನ್ನಿನಲ್ಲಿ 'ಫೆನೆಸ್ಟ್ರಾ'. ಕಿಟಕಿಯಿಂದ ಎಸೆಯುವುದು 'ಡಿಫೆನೆಸ್ಟ್ರೇಷನ್'. ಇಂಥ ಕೆಲಸಕ್ಕೂ ಒಂದು ಪದ ಬೇಕೇ ಅಂತ ನೀವು ಕೇಳಬಹುದು. ಪ್ರಾಗ್‌ನವರಿಗೆ ಬೇಕಾಗಿತ್ತು. ಅದೇ ಊರಿನಲ್ಲಿ 1419ರಲ್ಲೂ ಇದೇ ಕೆಲಸ ಆಗಿತ್ತು.

'ಅಲ್ಟ್ರಾಕ್ರೆಪಿಡೇರಿಯನ್' ನನ್ನ ಅಚ್ಚುಮೆಚ್ಚಿನದು. ಗ್ರೀಕ್ ಚಿತ್ರಕಾರ ಅಪೆಲೀಸ್ ಬರೆದ ಚಿತ್ರಗಳನ್ನು ಬೀದಿಗೆ ಇಟ್ಟು, ಹಿಂದೆ ಅಡಗಿ ಕೂತು ಜನ ಏನನ್ನುತ್ತಾರೆ ಅಂತ ಕೇಳಿಸಿಕೊಳ್ಳುತ್ತಿದ್ದನಂತೆ. ಚಪ್ಪಲಿ ಹೊಲಿಯುವವನೊಬ್ಬ ಬಂದು, ಚಿತ್ರದ ಚಪ್ಪಲಿಗೆ ಒಂದು ಕುಣಿಕೆ ಕಡಿಮೆ ಬಿದ್ದಿದೆ ಅಂದ. ಅಪೆಲೀಸ್ ತಿದ್ದಿದ. ಮರುದಿನ ಆತ ಉಬ್ಬಿಹೋಗಿ, ಕಾಲೂ ಸರಿಯಿಲ್ಲ ಅಂತ ಶುರುಮಾಡಿದ. ಅಪೆಲೀಸ್ ಹೊರಬಂದು, ನಿನ್ನ ಮಾತು ಚಪ್ಪಲಿಯಿಂದ ಮೇಲಕ್ಕೆ ಬೇಡ ಅಂದ. ರೋಮಿನ ಲೇಖಕ ಪ್ಲಿನಿ ಹೇಳುವ ಕಥೆ ಇದು. 'ಕ್ರೆಪಿಡಾ' ಅಂದರೆ ಚಪ್ಪಲಿ, 'ಅಲ್ಟ್ರಾ' ಅಂದರೆ ಅದರಾಚೆ. ತನಗೆ ತಿಳಿಯದ ವಿಷಯದಲ್ಲಿ ಮಾತಾಡುವವನು ಅನ್ನುವ ಅರ್ಥದಲ್ಲಿ ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಝ್ಲಿಟ್ 1819ರಲ್ಲಿ ವಿಮರ್ಶಕ ವಿಲಿಯಂ ಗಿಫರ್ಡ್‌ನ ಮೇಲೆ ಇದನ್ನು ಎಸೆದ. ಇದರ ಒಳಸುಳಿ ಗಮನಿಸಿ: ಗಿಫರ್ಡ್ ಹುಡುಗನಾಗಿದ್ದಾಗ ಚಪ್ಪಲಿ ಹೊಲಿಯುವವನ ಬಳಿ ಕೆಲಸ ಕಲಿಯಲು ಇದ್ದವನು. ಹಾಗಾಗಿ ಆ ಪದದಲ್ಲಿ ವಿದ್ವತ್ತು ಎಷ್ಟಿದೆಯೋ ಹುಟ್ಟಿನ ಬಗ್ಗೆ ಚುಚ್ಚುವ ಕೆಡುಕೂ ಅಷ್ಟೇ ಇದೆ. ಟಿವಿ ಚರ್ಚೆಗಳನ್ನು ನೋಡುವಾಗ ನನಗೂ ಈ ಪದ ನಾಲಿಗೆ ತುದಿಗೆ ಬರುತ್ತದೆ. ಆ ಹಿನ್ನೆಲೆ ತಿಳಿದ ಮೇಲೆ ಬಾಯಿಬಿಟ್ಟು ಆಡಲು ಮನಸ್ಸು ಬರುವುದಿಲ್ಲ.

ಇನ್ನು ಸೆರೆಂಡಿಪಿಟಿ. ಇದು ಈಗ ಅಪರೂಪದ ಪದವೇ ಅಲ್ಲ; ಕೆಫೆಗಳಿಗೆ ಇಡುವ ಹೆಸರು. ಆದರೆ ಒಂದು ಕಾಲದಲ್ಲಿ ಇಡೀ ಜಗತ್ತಿನಲ್ಲಿ ಈ ಪದ ಇಬ್ಬರಿಗೆ ಮಾತ್ರ ಗೊತ್ತಿತ್ತು ಅಂದರೆ ತಪ್ಪಾಗಲಾರದು. ಒಬ್ಬ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್, ಇನ್ನೊಬ್ಬ ಇಟಲಿಯ ಫ್ಲಾರೆನ್ಸ್‌ನಲ್ಲಿದ್ದ ಅವನ ಗೆಳೆಯ ಹೊರೇಸ್ ಮ್ಯಾನ್. 1754ರ ಜನವರಿ 28ರಂದು ವಾಲ್ಪೋಲ್ ಬರೆದ ಪತ್ರದಲ್ಲಿ ಇದು ಹುಟ್ಟಿತು. ವೆನಿಸ್ಸಿನ ಹಳೆಯ ಮನೆತನವೊಂದರ ಲಾಂಛನ ಯಾವುದೋ ಪುಸ್ತಕದಲ್ಲಿ ಅವನಿಗೆ ಅಕಸ್ಮಾತ್ ಸಿಕ್ಕಿತ್ತು. ಆ ಖುಷಿಯಲ್ಲಿ, ತಾನು ಓದಿದ್ದ ಸೆರೆಂಡಿಪ್ ದೇಶದ ಮೂವರು ರಾಜಕುಮಾರರ ಕಥೆ ನೆನೆದು, ಹುಡುಕದೇ ಇದ್ದದ್ದನ್ನು ಆಕಸ್ಮಿಕವಾಗಿಯೂ ಜಾಣತನದಿಂದಲೂ ಕಂಡುಕೊಳ್ಳುವುದಕ್ಕೆ ಈ ಹೆಸರಿಟ್ಟ.

ಸೆರೆಂಡಿಪ್ ಅಂದರೆ ನಮ್ಮ ಪಕ್ಕದ ಸಿಂಹಳದ್ವೀಪ. ಅರಬರ ಬಾಯಲ್ಲಿ 'ಸರಂದೀಬ್' ಆಗಿತ್ತು. ಕಥೆ ಹೀಗಿದೆ. ದಾರಿಯಲ್ಲಿ ಹೋಗುತ್ತಿದ್ದ ರಾಜಕುಮಾರರಿಗೆ ಒಂಟೆ ಕಳೆದುಕೊಂಡವನೊಬ್ಬ ಎದುರಾಗುತ್ತಾನೆ. ನಿನ್ನ ಒಂಟೆಗೆ ಒಂದು ಕಣ್ಣಿಲ್ಲ, ಹಲ್ಲೊಂದು ಉದುರಿದೆ, ಒಂದು ಕಾಲು ಕುಂಟು ಅಲ್ಲವೇ ಅನ್ನುತ್ತಾರೆ. ಅವನು ಇವರೇ ಕಳ್ಳರೆಂದು ಹಿಡಿಸುತ್ತಾನೆ. ರಾಜನ ಮುಂದೆ ಇವರು ಬಿಡಿಸಿ ಹೇಳುತ್ತಾರೆ: ಬಲಗಡೆ ಹುಲುಸಾದ ಹುಲ್ಲಿದ್ದರೂ ಎಡಗಡೆಯ ಒಣಹುಲ್ಲನ್ನೇ ಮೇಯ್ದಿತ್ತು, ಹಾಗಾಗಿ ಬಲಗಣ್ಣು ಕುರುಡು. ಅಗಿದು ಉಗುಳಿದ ಹುಲ್ಲಿನ ಉಂಡೆ ಹಲ್ಲಿನಷ್ಟು ಗಾತ್ರದ್ದು. ಒಂದು ಹೆಜ್ಜೆ ಎಳೆದ ಗುರುತು. ಇದು 1557ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಗಿತ್ತು. ಅದಕ್ಕೂ ಇನ್ನೂರೈವತ್ತು ವರ್ಷ ಹಿಂದೆ ದೆಹಲಿಯಲ್ಲಿ ಕೂತು ಅಮೀರ್ ಖುಸ್ರೋ ಪಾರಸಿಯಲ್ಲಿ ಇದೇ ರಾಜಕುಮಾರರ ಕಥೆ ಬರೆದಿದ್ದ. ಕಥೆಯಲ್ಲಿ ಅದೃಷ್ಟಕ್ಕಿಂತ ಪತ್ತೇದಾರಿಕೆ ಹೆಚ್ಚು ಅನ್ನುವುದನ್ನು ನೀವು ಗಮನಿಸಿರಬಹುದು. ವಾಲ್ಪೋಲ್ 'ಜಾಣತನ' ಅನ್ನುವುದನ್ನು ಸೇರಿಸಿದ್ದು ಅದಕ್ಕೇ. ಕಳಿಸಿದವರ ವಾಟ್ಸಾಪಿನಲ್ಲಿ ಉಳಿದಿರುವುದು ಅದೃಷ್ಟ ಮಾತ್ರ.

ಆ ಪತ್ರಗಳು ಅಚ್ಚಾದದ್ದು 1833ರಲ್ಲಿ. ಅಲ್ಲಿಯವರೆಗೆ ಪದ ಲಕೋಟೆಯೊಳಗೇ ಇತ್ತು. ಅಚ್ಚಾದ ಮೇಲೂ ಯಾರೂ ಕೈಗೆತ್ತಿಕೊಳ್ಳಲಿಲ್ಲ. 1875ರಲ್ಲಿ ಎಡ್ವರ್ಡ್ ಸಾಲಿ ಎಂಬ ಹಳೆ ಪುಸ್ತಕಗಳ ಹುಚ್ಚಿನವರು ಅದನ್ನು ಹೊರತೆಗೆದರು. ಆಮೇಲೂ ಪುಸ್ತಕ ಸಂಗ್ರಾಹಕರ ನಡುವೆ ಸುಳಿದಾಡಿಕೊಂಡಿತ್ತು. ಅದು ದೇಶಾಂತರ ಹೊರಟದ್ದು 20ನೇ ಶತಮಾನದಲ್ಲಿ, ವಿಜ್ಞಾನಿಗಳಿಗೆ ಬೇಕಾದಾಗ. 1928ರಲ್ಲಿ ಫ್ಲೆಮಿಂಗ್‌ರ ತಟ್ಟೆಗೆ ಬೂಷ್ಟು ಬಿದ್ದು ಪೆನಿಸಿಲಿನ್ ಕಣ್ಣಿಗೆ ಬಿತ್ತು. ಇದನ್ನು ಬರೀ ಅದೃಷ್ಟ ಅಂದರೆ ಫ್ಲೆಮಿಂಗ್‌ರಿಗೆ ಅವಮಾನ, ಬರೀ ಸಂಶೋಧನೆ ಅಂದರೆ ಸುಳ್ಳು. ನಡುವಿನ ಜಾಗಕ್ಕೆ ಒಂದು ಪದ ಬೇಕಿತ್ತು. ಹುಟ್ಟಿ ನೂರೈವತ್ತು ವರ್ಷ ದಾಟಿದ ಮೇಲೆ ಸೆರೆಂಡಿಪಿಟಿಗೆ ಕೆಲಸ ಸಿಕ್ಕಿತು.

ಪೆಟ್ರಿಕೋರ್‌ಗೆ ಇಷ್ಟು ಕಾಯಬೇಕಾಗಲಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ಘಮ. ಆಸ್ಟ್ರೇಲಿಯದ ರಸಾಯನ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಪದವನ್ನು ಕಟ್ಟಿದರು. ಬೇಸಿಗೆಯಲ್ಲಿ ಒಣಗಿದ ಕಲ್ಲು, ಮಣ್ಣುಗಳಿಗೆ ಹಬೆ ಹಾಯಿಸಿ ಅದರೊಳಗಿಂದ ಹಳದಿ ಛಾಯೆಯ ಒಂದು ಎಣ್ಣೆ ತೆಗೆದರು. ಗ್ರೀಕ್‌ನಲ್ಲಿ 'ಪೆಟ್ರಾ' ಅಂದರೆ ಕಲ್ಲು. 'ಐಕೋರ್' ಅಂದರೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ. ಕಲ್ಲಿನ ದೇವರಕ್ತ! ಮರುವರ್ಷ ಇನ್ನೊಂದು ಸಂಗತಿ ಕಂಡುಕೊಂಡರು. ಆ ಎಣ್ಣೆ ಬೀಜ ಮೊಳೆಯುವುದನ್ನು ತಡೆಯುತ್ತದೆ. ನಾವು ಮೂಗರಳಿಸಿ ಹಿಗ್ಗುವ ವಾಸನೆಗೆ ನೆಲದಲ್ಲಿ ಬೇರೆಯೇ ಕೆಲಸವಿದೆ.

ಆದರೆ ಆ ವಾಸನೆಯನ್ನು ಮೊದಲು ಹಿಡಿದವರು ಅವರಲ್ಲ, ಹಾಗಂತ ಅವರೇ ಹೇಳುತ್ತಾರೆ. ಉತ್ತರ ಪ್ರದೇಶದಲ್ಲಿ 'ಮಿಟ್ಟಿ ಅತ್ತರ್' ಅಂತ ಮಾರುತ್ತಾರಲ್ಲ, ಅದನ್ನು ಆ ಲೇಖನದಲ್ಲೇ ಉಲ್ಲೇಖಿಸಿದ್ದಾರೆ. ಕನೌಜ್‌ನ ಅತ್ತರಿನವರು ಜೇಡಿಮಣ್ಣನ್ನು ಬಿಲ್ಲೆ ಮಾಡಿ ಸುಟ್ಟು, ದೊಡ್ಡ ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ತುಂಬುತ್ತಾರೆ. ಮುಚ್ಚಳದ ಸುತ್ತ ಮಣ್ಣು ಮೆತ್ತಿ ಹಬೆ ಸೋರದಂತೆ ಬಿಗಿದು, ಕೆಳಗೆ ಬೆಂಕಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಇಳಿದು ಇನ್ನೊಂದು ಪಾತ್ರೆಗೆ ಬರುತ್ತದೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಒಳಗೆ ಶ್ರೀಗಂಧದ ಎಣ್ಣೆ. ಮಣ್ಣಿನ ವಾಸನೆ ಆ ಎಣ್ಣೆಯಲ್ಲಿ ಕೂರುತ್ತದೆ. ಬೇರ್ ಮತ್ತು ಥಾಮಸ್ ಪ್ರಯೋಗಾಲಯದಲ್ಲಿ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ. ಕನೌಜಿನವರಿಗೆ ಎಣ್ಣೆ ಬೇಕಿತ್ತು, ತೆಗೆದರು. ವಿಜ್ಞಾನಿಗಳಿಗೆ ಹೆಸರು ಬೇಕಿತ್ತು, ಇಟ್ಟರು. ಮಳೆ ಬಂದ ದಿನ ಸುಮ್ಮನೆ ಕೂರಲಾಗದವರೆಲ್ಲ ಆ ಹೆಸರನ್ನು ಎತ್ತಿಕೊಂಡರು. ಏಪ್ರಿಸಿಟಿಯೂ ಪೆಟ್ರಿಕೋರೂ ಪಂಡಿತರ ಮನೆಯ ಕೂಸುಗಳೇ. ಒಂದು ಬದುಕಿತು.

ಬೇಕು ಅನ್ನುವುದರ ಬಲಕ್ಕೆ ನಮ್ಮ ಮನೆಯದೇ ಉದಾಹರಣೆ ಪ್ರೀಪೋನ್. ಇದನ್ನು ಬಳಸಿದರೆ ಮೂಗು ಮುರಿಯುವ ಇಂಗ್ಲಿಷ್ ಮೇಷ್ಟ್ರುಗಳಿದ್ದಾರೆ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಓದುಗರೊಬ್ಬರು ಪತ್ರ ಬರೆದು, ಪೋಸ್ಟ್‌ಪೋನ್‌ಗೆ ಎದುರಾಗಿ ಪ್ರೀಪೋನ್ ಅಂತ ಒಂದು ಪದ ಕಟ್ಟಲು ಅಪ್ಪಣೆ ಕೇಳಿದ್ದರು. ಅಮೆರಿಕದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಪತ್ರ ಓದದೆಯೇ ನಾವು ಅದೇ ಪದವನ್ನು ನಮ್ಮಷ್ಟಕ್ಕೆ ಕಟ್ಟಿಕೊಂಡೆವು. ಮುಹೂರ್ತ, ಪರೀಕ್ಷೆ, ರೈಲು ಟಿಕೆಟ್ಟು, ಎಲ್ಲವೂ ಹಿಂದೆ ಮುಂದೆ ಆಗುವ ನಾಡಿನಲ್ಲಿ ಬರೀ ಪೋಸ್ಟ್‌ಪೋನ್ ಇಟ್ಟುಕೊಂಡು ಸಂಸಾರ ನಡೆಯುತ್ತದೆಯೇ? ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಟಿಫಿನ್ನೂ ಹಾಗೆಯೇ. ಹೊತ್ತಲ್ಲದ ಹೊತ್ತಿನಲ್ಲಿ ಒಂದಿಷ್ಟು ಕುಡಿಯುವುದಕ್ಕೆ ಇಂಗ್ಲೆಂಡಿನ ಆಡುಮಾತಿನಲ್ಲಿ 'ಟಿಫಿಂಗ್' ಅನ್ನುತ್ತಿದ್ದರು. ಅಲ್ಲಿ ಅದು ಸತ್ತಿತು. ಇಲ್ಲಿ ಬೆಳಿಗ್ಗೆ ಆರಕ್ಕೇ ಬೋರ್ಡು ತಗುಲಿಸಿಕೊಂಡು ಇಡ್ಲಿ ಬೇಯಿಸುತ್ತಿದೆ.

ತಾನೇ ಹುಟ್ಟಿದ ಪದದ ಕಥೆ ಹೇಳುತ್ತೇನೆ ಅಂದಿದ್ದೆ. 1934ರಲ್ಲಿ ಅಮೆರಿಕದ ವೆಬ್‌ಸ್ಟರ್ ನಿಘಂಟಿನ ಎರಡನೇ ಆವೃತ್ತಿ ಬಂತು. ಅದರ 771ನೇ ಪುಟದಲ್ಲಿ 'ಡಾರ್ಡ್' ಅಂತ ಒಂದು ಪದ. ಅರ್ಥ: ಭೌತ, ರಸಾಯನ ಶಾಸ್ತ್ರಗಳಲ್ಲಿ ಸಾಂದ್ರತೆ. ಯಾವ ವಿಜ್ಞಾನಿಯೂ ಅದನ್ನು ಬಳಸಿರಲಿಲ್ಲ. 1931ರಲ್ಲಿ ರಸಾಯನಶಾಸ್ತ್ರದ ಸಂಪಾದಕರು ಒಂದು ಚೀಟಿ ಕಳಿಸಿದ್ದರು: 'ಡಿ ಆರ್ (or) ಡಿ', ಅಂದರೆ ದೊಡ್ಡ ಡಿ ಅಥವಾ ಸಣ್ಣ ಡಿ, ಎರಡೂ ಡೆನ್ಸಿಟಿಯ ಸಂಕ್ಷೇಪ ಅಂತ. ಅದು ಹೋಗಬೇಕಿದ್ದದ್ದು ಸಂಕ್ಷೇಪಗಳ ಕಟ್ಟಿಗೆ. ಪದಗಳ ಕಟ್ಟಿಗೆ ಸೇರಿಬಿಟ್ಟಿತು. ಆ ಕಚೇರಿಯಲ್ಲಿ ಪದಗಳನ್ನು ಅಕ್ಷರ ಅಕ್ಷರಕ್ಕೂ ನಡುವೆ ಜಾಗ ಬಿಟ್ಟು ಟೈಪು ಮಾಡುವ ರೂಢಿ. 'ಡಿ', 'ಓ', 'ಆರ್', 'ಡಿ' ನಾಲ್ಕನ್ನೂ ಕೂಡಿಸಿ ಓದಿದ ಯಾರೋ ಅದನ್ನು ನಾಮಪದ ಮಾಡಿದರು, ಇನ್ಯಾರೋ ಉಚ್ಚಾರಣೆಯನ್ನೂ ಹಾಕಿದರು. 1939ರ ಫೆಬ್ರವರಿಯಲ್ಲಿ ಒಬ್ಬ ಸಂಪಾದಕರಿಗೆ, ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಅಂತ ಅನುಮಾನ ಬಂತು. ಅಪ್ಪ ಅಮ್ಮನ ಹೆಸರಿಲ್ಲದ ಕಾರಣಕ್ಕೆ ಸಿಕ್ಕಿಬಿತ್ತು ನೋಡಿ. ಹಾಗಿದ್ದೂ ಪುಟದಿಂದ ಪೂರ್ತಿ ಹೋದದ್ದು 1947ರ ಮುದ್ರಣದಲ್ಲಿ.

ಇದಕ್ಕೆ ತದ್ವಿರುದ್ಧ ಆಕ್ಸ್‌ಫರ್ಡಿನ ಕಥೆ. 1888ರಲ್ಲಿ ಮೊದಲ ಸಂಪುಟ ಹೊರಬಂದಾಗ, ಜೀತದ ಹೆಣ್ಣು ಅನ್ನುವ ಅರ್ಥದ 'ಬಾಂಡ್‌ಮೇಡ್' ಅದರಲ್ಲಿರಲಿಲ್ಲ. ಜನ ಶತಮಾನಗಟ್ಟಲೆ ಬಳಸಿದ, ಬೈಬಲಿನಲ್ಲೂ ಇರುವ ಪದ. ಆ ಪದಕ್ಕೆ ಬರೆದಿಟ್ಟಿದ್ದ ಚೀಟಿಗಳು ಕಳೆದುಹೋಗಿದ್ದವು, ಅಷ್ಟೇ. 1933ರ ಪುರವಣಿಯಲ್ಲಿ ಸೇರಿಸಿದರು. ಚೀಟಿ ಇದ್ದರೆ ಇಲ್ಲದ ಪದ ಬರುತ್ತದೆ, ಚೀಟಿ ಕಳೆದರೆ ಇರುವ ಪದ ಹೋಗುತ್ತದೆ. ನಮ್ಮ ಪಹಣಿ, ರೇಷನ್ಕಾರ್ಡು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬೇಕೆಂದೇ ಸೇರಿಸಿದ ಸುಳ್ಳು ಪದವೂ ಒಂದಿದೆ. 2001ರಲ್ಲಿ ಬಂದ ಆಕ್ಸ್‌ಫರ್ಡಿನ ಅಮೆರಿಕನ್ ನಿಘಂಟಿನಲ್ಲಿ 'ಎಸ್ಕ್ವಿವೇಲಿಯನ್ಸ್'. ಕ್ರಿಸ್ಟೀನ್ ಲಿಂಡ್‌ಬರ್ಗ್ ಎಂಬ ಸಂಪಾದಕಿ ಕಟ್ಟಿದ್ದು. ಬೇರೆಯವರು ನಿಘಂಟನ್ನು ಕದ್ದು ಅಚ್ಚು ಹಾಕಿದರೆ ಈ ಪದವೂ ಅಲ್ಲಿ ಕಾಣಿಸಿಕೊಂಡು ಕಳ್ಳತನ ಬಯಲಾಗಲಿ ಅಂತ ಇಟ್ಟ ಬಲೆ. ಅರ್ಥವನ್ನೂ ಅವರೇ ಕೊಟ್ಟಿದ್ದಾರೆ: ತನ್ನ ಅಧಿಕೃತ ಕೆಲಸದಿಂದ ಬೇಕಂತಲೇ ನುಣುಚಿಕೊಳ್ಳುವುದು. 'ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ' ಅನ್ನುವುದಕ್ಕೆ ಒಂದೇ ಪದ! 2005ರಲ್ಲಿ ಗುಟ್ಟು ರಟ್ಟಾಯಿತು. ಅಷ್ಟರಲ್ಲಿ ಕೆಲವರಿಗೆ ಅದು ಹಿಡಿಸಿ ಬಳಸತೊಡಗಿದ್ದರು. ಸುಳ್ಳಾಗಿ ಹುಟ್ಟಿ ನಾಲ್ಕು ಜನರ ಬಾಯಿಗೆ ಬಿದ್ದ ಪದವನ್ನು ಇನ್ನು ಸುಳ್ಳು ಅನ್ನಬೇಕೇ? ನನ್ನ ಮಟ್ಟಿಗೆ ಏಪ್ರಿಸಿಟಿಗಿಂತ ಎಸ್ಕ್ವಿವೇಲಿಯನ್ಸ್ ಹೆಚ್ಚು ನಿಜ.

ಆಕ್ಸ್‌ಫರ್ಡಿನ ಆ ಮಹಾ ನಿಘಂಟನ್ನು ಕಟ್ಟಿದ ಜೇಮ್ಸ್ ಮರ್ರೇ 1879ರಲ್ಲಿ ಇಂಗ್ಲಿಷ್ ಓದುವ ಎಲ್ಲರಿಗೂ ಮನವಿ ಮಾಡಿಕೊಂಡರು: ನೀವು ಓದುವ ಪುಸ್ತಕಗಳಲ್ಲಿ ಪದಗಳು ಬಳಕೆಯಾದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿ. ಮನೆಯ ತೋಟದಲ್ಲಿ ಕಬ್ಬಿಣದ ತಗಡಿನ ಶೆಡ್ಡು ಹಾಕಿ, ಗೋಡೆಗೆ ನೂರಾರು ಗೂಡುಗಳನ್ನು ಮಾಡಿಸಿದ್ದರು. ಚೀಟಿಗಳು ಲಕ್ಷಗಟ್ಟಲೆ ಬಂದವು. ಆಗ ಮರ್ರೇ ಒಂದು ತೊಡಕು ಕಂಡರು. ಜನ ಹೆಕ್ಕಿ ಕಳಿಸುತ್ತಿದ್ದದ್ದು ವಿಚಿತ್ರ ಪದಗಳನ್ನೇ. 'ಅಬ್ಯೂಷನ್' ಅನ್ನುವ ಬಳಕೆ ತಪ್ಪಿದ ಪದಕ್ಕೆ ಸುಮಾರು 50 ಚೀಟಿ, 'ಅಬ್ಯೂಸ್' ಅನ್ನುವ ದಿನಬಳಕೆಯ ಪದಕ್ಕೆ ಐದೂ ಇಲ್ಲ. ಎಲ್ಲರಿಗೂ ಗೊತ್ತಿರುವ ಪದವನ್ನು ಕಣ್ಣು ದಾಟಿಹೋಗುತ್ತದೆ. ಉಳಿದವನ್ನು ಮರ್ರೇ ಮತ್ತವರ ಸಹಾಯಕರೇ ಕೂತು ಹುಡುಕಬೇಕಾಯಿತು. 1915ರಲ್ಲಿ ಮರ್ರೇ ತೀರಿಕೊಂಡರು, ನಿಘಂಟು ಮುಗಿದದ್ದು 1928ರಲ್ಲಿ. ಈಚೆಗೆ ಅದರ ಪರಿಷ್ಕರಣೆಯಲ್ಲಿ 'ರನ್' ಅನ್ನುವ ಮೂರಕ್ಷರದ ಕ್ರಿಯಾಪದಕ್ಕೆ 645 ಅರ್ಥ ಲೆಕ್ಕ ಹಾಕಿದ್ದಾರೆ. ಅದೊಂದಕ್ಕೇ ಒಬ್ಬ ಸಂಪಾದಕರಿಗೆ ತಿಂಗಳುಗಟ್ಟಲೆ ಕೆಲಸ.

ನಮ್ಮಲ್ಲೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿದೆ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳಿವೆ. ದಿನಕ್ಕೊಂದು ಪದ ಕಳಿಸುವ ಗೆಳೆಯರಿಗೆ ನಾನು ಈಚೆಗೆ ಮರುಪದ ಕಳಿಸಲು ಶುರುಮಾಡಿದ್ದೇನೆ. ಮೊನ್ನೆ ಕಳಿಸಿದ್ದು 'ಹಾಕು'. ಹೂವಿನ ಚಿತ್ರ ಹಾಕಿರಲಿಲ್ಲ, ಬರೀ ಪಟ್ಟಿ. ಅಂಗಿ ಹಾಕು, ಬೀಗ ಹಾಕು, ಸಹಿ ಹಾಕು, ಅರ್ಜಿ ಹಾಕು, ವೋಟು ಹಾಕು, ಲೆಕ್ಕ ಹಾಕು, ಶಾಪ ಹಾಕು, ರಂಗೋಲಿ ಹಾಕು, ಬ್ರೇಕು ಹಾಕು. ಕೋಳಿ ಮೊಟ್ಟೆ ಹಾಕುತ್ತದೆ, ಹಸು ಕರು ಹಾಕುತ್ತದೆ, ಗುಂಡಣ್ಣ ರಾತ್ರಿ ಎರಡು ಪೆಗ್ ಹಾಕುತ್ತಾನೆ, ಹೆಂಡತಿ ಬೆಳಿಗ್ಗೆ ಸರಿಯಾಗಿ ಹಾಕಿಕೊಳ್ಳುತ್ತಾಳೆ. 'ತಿಂದು ಹಾಕು', 'ಓದಿ ಹಾಕು' ಅಂತ ಬೇರೆ ಕ್ರಿಯಾಪದದ ಬೆನ್ನಿಗೆ ಬಿದ್ದಾಗ ಅದರ ವರಸೆಯೇ ಬೇರೆ. ಸಂಜೆಯ ಹೊತ್ತಿಗೆ ಆ ಗುಂಪಿನಲ್ಲಿ ಪಟ್ಟಿ ಇನ್ನಷ್ಟು ಬೆಳೆದಿತ್ತು. ಹುಬ್ಬಳ್ಳಿ ಕಡೆಯವರು ಒಂದಷ್ಟು, ಕುಂದಾಪುರದವರು ಒಂದಷ್ಟು ಸೇರಿಸಿದ್ದರು. ಕೆಲವು ನಾನು ಕೇಳಿಯೇ ಇರಲಿಲ್ಲ. ಈಗ ನೀವು ಹೇಳಿ, ನಿಮ್ಮೂರಲ್ಲಿ ಇನ್ನೇನೇನು ಹಾಕುತ್ತಾರೆ?